ಒಂದೇ ಬಾಯಿಯ ಟ್ಯಾಂಕು

ಟ್ಯಾಂಕಿಗೆ ಇಳಿಯಬೇಕಾದರೆ ಮೊದಲು ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಬೇಕು. ಇಲ್ಲದಿದ್ದರೆ ಹೆಗಲು ಬಾಯಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಬಾಯಿ ಎಂದರೆ ಹಡಗಿನ ಡೆಕ್ಕಿನಲ್ಲಿ ಕೊರೆದ ಮೊಟ್ಟೆಯಾಕಾರದ ತೂತು. ಅದರ ಕೆಳಗೆ ಕಬ್ಬಿಣದ ಗೂಡುಗಳು. ಒಂದು ಗೂಡಿನಿಂದ ಇನ್ನೊಂದಕ್ಕೆ ಹೊಟ್ಟೆಯ ಮೇಲೆ ತೆವಳಿಕೊಂಡೇ ಹೋಗಬೇಕು. ಕುಳಿತರೆ ತಲೆ ಬಡಿಯುತ್ತದೆ, ಮಲಗಿದರೆ ಬೆನ್ನು ಸುಡುತ್ತದೆ. ಹಾಗೆ ಮಲಗಿಕೊಂಡು, ಮುಖದ ಹತ್ತಿರವೇ ಕಿಡಿ ಹಾರಿಸಿಕೊಂಡು ವೆಲ್ಡಿಂಗ್ ಮಾಡುವುದು ನಮ್ಮ ಪಕ್ಕದ ಮನೆಯವನ ಕೆಲಸವಾಗಿತ್ತು. ಅಲ್ಲಿಯೇ ಅವನು ಸತ್ತ.

ನಾನು ಅದೇ ಯಾರ್ಡಿನಲ್ಲಿ ಹಡಗಿಗೆ ಬಣ್ಣ ಬಳಿಯುವವಳು. ಅವನ ಹೆಂಡತಿ ನನ್ನನ್ನು ಅಕ್ಕ ಎನ್ನುತ್ತಾಳೆ. ಯಾರ್ಡಿನ ಹಿಂದೆ ತಗಡಿನ ಮನೆಗಳ ಎರಡು ಸಾಲುಗಳಿವೆ. ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಆ ಗೋಡೆಯೂ ಕಂಪನಿಯದೇ.

ನಾವು ಕಟ್ಟುತ್ತಿದ್ದದ್ದು ನೌಕಾಪಡೆಯ ಸಣ್ಣ ಹಡಗುಗಳನ್ನು. ಯುದ್ಧ ಮಾಡುವ ಹಡಗಲ್ಲ. ಯುದ್ಧ ಮಾಡುವ ದೊಡ್ಡಣ್ಣಂದಿರಿಗೆ ನೀರು, ಎಣ್ಣೆ, ಸಾಮಾನು ಹೊತ್ತು ಹಾಕುವ ಚಾಕರಿ ಹಡಗು. ಡೆಕ್ಕು ಸಪಾಟಾಗಿರುತ್ತದೆ. ಇವತ್ತು ಅದರ ಮೇಲೆ ಕೋಣೆಯಷ್ಟು ದೊಡ್ಡ ಆಸ್ಪತ್ರೆಯ ಡಬ್ಬಿ ಕೂರಿಸಿದರೆ ಆಸ್ಪತ್ರೆ. ನಾಳೆ ಅದನ್ನು ಎತ್ತಿ ಮುಳುಗುಗಾರರ ಡಬ್ಬಿ ಕೂರಿಸಿದರೆ ಅವರ ಬಿಡಾರ. ನಮ್ಮ ಬಾಯಲ್ಲಿ ಅದು ಡಬ್ಬಿ ಹಡಗು.

ಯಾರು ಕಡಿಮೆಗೆ ಮಾಡಿಕೊಡುತ್ತೇನೆ ಎನ್ನುತ್ತಾರೋ ಅವರಿಗೆ ಆರ್ಡರ್. ಹೀಗಾಗಿ ಹಡಗಿನ ಮುಂಭಾಗ ಒಂದು ಕಂಪನಿಗೆ ಹೋಯಿತು, ಹಿಂಭಾಗ ಇನ್ನೊಂದಕ್ಕೆ. ಎರಡನ್ನೂ ನಮ್ಮ ಯಾರ್ಡಿಗೆ ತಂದು ಕೂಡಿಸಬೇಕು. ನಾವೂ ಎರಡು ಪಾಲಾದೆವು, ಮುಂದಿನವರು, ಹಿಂದಿನವರು. ನಲ್ಲಿಯ ಹತ್ತಿರವೂ ಬೇರೆ ಬೇರೆ ಸಾಲು. ನಾನು ಮುಂದಿನವಳು. ಆ ಗಂಡಹೆಂಡಿರು ಮಾತ್ರ ಕೂಡಿಸುವ ಕೆಲಸದವರು. ಎರಡೂ ಕಡೆಯವರಿಗೆ ಬೇಕಾದವರು.

ಮೊದಲು ಕಟ್ಟಿದ ಹಡಗಿನಲ್ಲಿ ಪ್ರತಿ ಟ್ಯಾಂಕಿಗೂ ಎರಡು ಬಾಯಿ ಇದ್ದವು. ಒಂದರಲ್ಲಿ ಮನುಷ್ಯ ಇಳಿಯುತ್ತಿದ್ದ, ಇನ್ನೊಂದರಲ್ಲಿ ಗಾಳಿಯ ಪೈಪು. ಆಮೇಲೆ ಕೊಳ್ಳುವವರಿಗೆ ಇನ್ನೂ ಒಂದು ಡಬ್ಬಿ ಕೂರಿಸುವ ಆಸೆ ಹುಟ್ಟಿತು. ಹಡಗು ಉದ್ದವಾಗಕೂಡದು, ಬೆಲೆ ಏರಕೂಡದು, ಡಬ್ಬಿ ಮಾತ್ರ ಬೇಕು. ನಕ್ಷೆ ಬರೆಯುವವರು ತಿಣುಕಾಡಿ ಜಾಗ ಹುಡುಕಿದರು. ಡಬ್ಬಿಯ ಕಾಲು ಸರಿಯಾಗಿ ಎರಡನೆಯ ಬಾಯಿಯ ಮೇಲೆಯೇ ಬಂತು. ಆ ಬಾಯಿಯನ್ನು ನಕ್ಷೆಯಿಂದ ತೆಗೆದುಹಾಕಿದರು. ನಕ್ಷೆಯಲ್ಲಿ ಅದೊಂದು ಸಣ್ಣ ಸುತ್ತು ತಾನೆ.

ಬಾಯಿ ಒಂದೇ ಆದ ಮೇಲೆ ಪೈಪು ಇದ್ದರೆ ಮನುಷ್ಯ ಇಳಿಯುವಂತಿಲ್ಲ. ಅವನು ಇಳಿದ ಮೇಲೆ ಪೈಪು ಬಿಡಬೇಕು, ಹತ್ತುವ ಮುಂಚೆ ಎಳೆಯಬೇಕು. ಅದಕ್ಕೆಲ್ಲ ಹೊತ್ತು ಹಿಡಿಯುತ್ತದೆ. ನಮ್ಮ ಸೂಪರ್‌ವೈಸರಿಗೆ ಆಗದ್ದು ಅದೊಂದೇ. ಬಂದಾಗಿನಿಂದ ಹೋಗುವವರೆಗೆ ಬೇಗ, ಬೇಗ ಎನ್ನುತ್ತಿದ್ದ. ಅವನಿಗೆ ಬೇಗಬೇಗ ಎಂದೇ ಹೆಸರಾಯಿತು. ಮನೆಯಲ್ಲಿ ಹೆಂಡತಿಯೂ ಹಾಗೇ ಕರೆಯುತ್ತಾಳಂತೆ ಎಂದು ನಮ್ಮವರು ನಗುತ್ತಿದ್ದರು.

ಟ್ಯಾಂಕಿಗೆ ಒಬ್ಬರು ಇಳಿದರೆ ಬಾಯಿಯ ಹತ್ತಿರ ಒಬ್ಬರು ಕಾವಲು ಕೂರಬೇಕು. ಗದ್ದಲದಲ್ಲಿ ಕೂಗಿದರೆ ಒಳಗೆ ಕೇಳಿಸುವುದಿಲ್ಲ. ಆದ್ದರಿಂದ ಸುತ್ತಿಗೆಯ ಮಾತು. ಮೇಲಿನಿಂದ ಮೂರು ಏಟು ಹಾಕಿದರೆ, ಇದ್ದೀಯಾ ಎಂದು ಕೇಳಿದಂತೆ. ಒಳಗಿನಿಂದ ಎರಡು ಏಟು ಬಂದರೆ, ಇದ್ದೀನಿ. ಪಕ್ಕದ ಮನೆಯವನಿಗೆ ಅವನ ಹೆಂಡತಿಯೇ ಕಾವಲು. ಬೇರೆಯವರನ್ನು ಅವನು ಒಪ್ಪುತ್ತಿರಲಿಲ್ಲ. ಮನೆಯಲ್ಲೂ ಇಬ್ಬರದೂ ಅದೇ ಆಟ. ಅವನು ಬಚ್ಚಲಲ್ಲಿ ತಡಮಾಡಿದರೆ ಅವಳು ಸೌಟಿನಿಂದ ಬಾಗಿಲಿಗೆ ಮೂರು ಬಡಿಯುತ್ತಿದ್ದಳು. ಅವನು ಚೊಂಬಿನಿಂದ ಎರಡು ಬಡಿಯುತ್ತಿದ್ದ. ಹೊಸದಾಗಿ ಮದುವೆಯಾದವರೂ ಹೀಗೆ ಆಡುವುದಿಲ್ಲ ಬಿಡಿ ಎಂದು ನಾನು ಗೋಡೆಯಾಚೆಯಿಂದ ರೇಗಿಸುತ್ತಿದ್ದೆ.

ಆ ಬೆಳಿಗ್ಗೆ ನೌಕಾಪಡೆಯ ಅಧಿಕಾರಿ ತಪಾಸಣೆಗೆ ಬರುವುದಿತ್ತು. ಯಾರ್ಡು ಚೊಕ್ಕಟವಾಗಿ ಕಾಣಲೆಂದು ಗಾಳಿಯ ಯಂತ್ರ, ಪೈಪು ಎಲ್ಲವನ್ನೂ ಶೆಡ್ಡಿಗೆ ಸಾಗಿಸಿದ್ದರು. ಮುಂಭಾಗ ಹಿಂಭಾಗ ಕೂಡುವ ಜಾಯಿಂಟಿನಲ್ಲಿ, ಟ್ಯಾಂಕಿನ ತಳದಲ್ಲಿ, ಚೂರು ವೆಲ್ಡಿಂಗ್ ಉಳಿದಿತ್ತು. ಪಕ್ಕದ ಮನೆಯವನು ಪೈಪು ಕೇಳಿದ.

"ಒಂದು ಗೇಣು ವೆಲ್ಡಿಂಗಿಗೆ ಪೈಪ್ ಯಾಕಪ್ಪಾ? ಅದನ್ನ ತರೋಷ್ಟರಲ್ಲಿ ನೀನು ಮುಗಿಸಿ ಮೇಲೆ ಬಂದಿರ್ತೀಯ" ಎಂದ ಬೇಗಬೇಗ.

ಆಗುವುದಿಲ್ಲ ಎನ್ನುವ ಹಾಗಿರಲಿಲ್ಲ. ಹಾಗೆಂದವರ ಕೆಲಸ ಅವತ್ತೇ ಹೋಗುತ್ತದೆ, ಮನೆ ಅದರ ಹಿಂದೆಯೇ. ಅವನು ಕೈಗಳನ್ನು ಮೇಲೆತ್ತಿ ಇಳಿದ.

ವೆಲ್ಡಿಂಗಿನ ಗ್ಯಾಸು ಗಾಳಿಗಿಂತ ಭಾರ. ಉಸಿರಾಡುವ ಗಾಳಿಯನ್ನು ಮೇಲಕ್ಕೆ ತಳ್ಳಿ ಟ್ಯಾಂಕಿನ ತಳದಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ. ಬಾಯಿಯ ಹತ್ತಿರ ಕುಳಿತಿದ್ದ ಅವನ ಹೆಂಡತಿ ಮೂರು ಬಡಿದಳು, ಎರಡು ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಡಿದಳು, ಮತ್ತೆ ಎರಡು ಬಂತು. ಇನ್ನೊಮ್ಮೆಯೂ ಬಂತು. ಇಷ್ಟು ಚೂರು ಕೆಲಸಕ್ಕೆ ಇಷ್ಟು ಹೊತ್ತೇ ಎಂದು ಅವಳು ಬಗ್ಗಿ ನೋಡಿದಳು. ಗೂಡುಗಳ ತೂತಿನಲ್ಲಿ ಮಿನುಗುತ್ತಿದ್ದ ಬೆಳಕು ಆರಿತ್ತು. ಆಗ ಅವಳು ಕಿರುಚಿದ್ದು ಯಾರ್ಡಿಗೆಲ್ಲ ಕೇಳಿಸಿತು.

ಅವನನ್ನು ಹೊರಗೆ ತೆಗೆಯಲು ಬಹಳ ಹೊತ್ತಾಯಿತು. ತೆಗೆಯುವವರು ಇಳಿಯಬೇಕಾದ್ದೂ ಅದೇ ಬಾಯಿಯಿಂದ, ಅವನು ಬರಬೇಕಾದ್ದೂ ಅದೇ ಬಾಯಿಯಿಂದ. ಹೆಗಲು ಸಿಕ್ಕಿಕೊಂಡಿತು. ಕೊನೆಗೆ ಸತ್ತವನ ಎರಡೂ ಕೈಗಳನ್ನು ಮೇಲೆತ್ತಿ ಹಗ್ಗ ಕಟ್ಟಿ ಎಳೆದರು. ಈಗಲೂ ತುತ್ತು ಎತ್ತುವಾಗ ಅದು ನೆನಪಾಗಿ ಕೈ ಅಲ್ಲೇ ನಿಲ್ಲುತ್ತದೆ.

ಮುಂದಿನ ಕಂಪನಿಯವರು, ಹೆಣ ಸಿಕ್ಕಿದ್ದು ಜಾಯಿಂಟಿನಿಂದಾಚೆ ಹಿಂಭಾಗದಲ್ಲಿ, ಅವರನ್ನೇ ಕೇಳಿ ಎಂದರು. ಹಿಂದಿನ ಕಂಪನಿಯವರು, ಇಳಿದದ್ದು ಮುಂಭಾಗದ ಬಾಯಿಯಿಂದ, ನಮಗೇನು ಸಂಬಂಧ ಎಂದರು. ನಾನು ಅವಳ ಜೊತೆ ಈ ಗೇಟಿಗೂ ಆ ಗೇಟಿಗೂ ಅಲೆದೆ. ಎರಡೂ ಕಡೆ ಕುರ್ಚಿ ಕೊಟ್ಟು ಕೂರಿಸಿ, ನೀರು ಕೊಟ್ಟು, ಆಚೆಗೆ ಕಳಿಸಿದರು. ಇಬ್ಬರಿಗೂ ಬೇಕಾಗಿದ್ದವನು ಸತ್ತ ಕೂಡಲೇ ಇಬ್ಬರಿಗೂ ಬೇಡವಾದ.

ಒಂದು ಮಾತಿನಲ್ಲಿ ಮಾತ್ರ ಎರಡೂ ಕಂಪನಿ ಒಂದಾದವು. ತಪ್ಪು ಕಾವಲಿನವಳದು. ತೂಕಡಿಸಿರಬೇಕು.

ಬೇಗಬೇಗ ಅವಳ ಮನೆಗೇ ಬಂದ. ಧ್ವನಿ ತಗ್ಗಿಸಿ ಮಾತಾಡಿದ. ಅವನು ಅಷ್ಟು ನಿಧಾನವಾಗಿ ಮಾತಾಡಿದ್ದನ್ನು ನಾನು ನೋಡಿರಲೇ ಇಲ್ಲ.

"ನೋಡಮ್ಮಾ, ಗಮನ ತಪ್ಪಿತ್ತು ಅಂತ ಅಧಿಕಾರಿ ಮುಂದೆ ಒಪ್ಕೊಂಡುಬಿಡು. ಎಲ್ಲಾ ಇಲ್ಲಿಗೇ ಮುಗಿಯುತ್ತೆ. ಮನೆ ನಿನಗೇ ಇರುತ್ತೆ."

"ನಾನು ಬಡಿದೆ. ಉತ್ತರ ಬಂತು."

"ಸತ್ತವನು ಉತ್ತರ ಕೊಡ್ತಾನೇನಮ್ಮಾ?"

ಆ ಮಾತು ಅವಳ ಎದೆಯಲ್ಲಿ ನಾಟಿಕೊಂಡಿತು. ಅವಳು ಒಲೆ ಹಚ್ಚುವುದನ್ನು ಬಿಟ್ಟಳು. ನಾನು ತಟ್ಟೆ ತಂದಿಟ್ಟರೆ ಅದು ಹಾಗೇ ಇರುತ್ತಿತ್ತು. ಒಂದು ದಿನ ಬಚ್ಚಲ ಬಾಗಿಲ ಮುಂದೆ ಸೌಟು ಹಿಡಿದು ಕುಳಿತಿದ್ದಳು. ನನ್ನನ್ನು ನೋಡಿ, "ಅಕ್ಕಾ, ನನಗೆ ಭ್ರಮೆ ಆಗಿತ್ತಾ? ನಾನೇ ಕೊಂದುಬಿಟ್ನಾ?" ಎಂದು ಕೇಳಿದಳು. ಇಲ್ಲ ಕಣೇ ಎಂದೆ. ಹಾಗಾದರೆ ಬಡಿದವರು ಯಾರಕ್ಕಾ ಎಂದಳು. ನಾನು ತಟ್ಟೆಯನ್ನು ಅವಳ ಹತ್ತಿರಕ್ಕೆ ಸರಿಸಿದೆ. ಒಪ್ಪಿಕೊಂಡುಬಿಡುತ್ತೇನೆ, ಹೊರೆಯಾದರೂ ಇಳಿಯುತ್ತದೆ ಎಂದಳು ಅವಳು.

ಮರುದಿನ ಸಂಜೆ ತುಕ್ಕಜ್ಜಿ ಬಂದಳು. ಹಿಂದಿನ ಕಂಪನಿಯಲ್ಲಿ ಸುತ್ತಿಗೆ ಹಿಡಿದು ಕಬ್ಬಿಣದ ತುಕ್ಕು ಬಿಡಿಸುವ ಮುದುಕಿ. ಹಿಂದಿನವರು ನಮ್ಮ ಸಾಲಿಗೆ ಕಾಲಿಡುವುದೇ ಇಲ್ಲ. ಅವಳು ಹೊಸ್ತಿಲ ಮೇಲೆ ಕುಳಿತು ಬಲಗೈ ನೀವಿಕೊಳ್ಳುತ್ತಾ ಇದ್ದಳು.

"ಮಗಾ, ಅವತ್ತು ಆ ಹೊತ್ತಲ್ಲಿ ನಾನು ಹಿಂದುಗಡೆ ತುಕ್ಕು ಬಿಡಿಸ್ತಿದ್ದೆ. ಈ ಕೈಯಲ್ಲಿ ಒಂದೇ ಸಮ ಬಡಿಯಕ್ಕೆ ಆಗಲ್ಲ ನೋಡು. ಎರಡೇಟು ಹಾಕ್ತೀನಿ, ಕೈ ಇಳಿಬಿಡ್ತೀನಿ. ಮತ್ತೆ ಎರಡೇಟು. ನಿನಗೆ ಕೇಳ್ಸಿದ್ದು ನನ್ನ ಸುತ್ತಿಗೆ."

ಅವಳು ಮುದುಕಿಯ ಮುಖವನ್ನೇ ನೋಡಿದಳು.

"ನಮ್ಮನ್ನ ಮುಂದೆ ಹಿಂದೆ ಅಂತ ಬೇರೆ ಮಾಡಿದ್ರು. ಜಾಯಿಂಟ್ ಆದ್ಮೇಲೆ ಕಬ್ಬಿಣ ಒಂದೇ ಅಲ್ವಾ ತಾಯಿ? ಆ ತುದೀಲಿ ಬಡಿದ್ರೆ ಈ ತುದೀಲಿ ಕೇಳುತ್ತೆ" ಎಂದಳು ತುಕ್ಕಜ್ಜಿ.

ಗಂಡ ಸತ್ತ ಮೇಲೆ ಅವಳು ಬಾಯಿ ಬಿಟ್ಟು ಅತ್ತದ್ದು ಆಗಲೇ. ತುಕ್ಕಜ್ಜಿಯ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಮುದುಕಿಯೂ ಅತ್ತಳು. ಇದನ್ನು ಹೋಗಿ ಹೇಳೋಣ ಎಂದು ನಾನು ಎದ್ದೆ. ತುಕ್ಕಜ್ಜಿ ಆಗಲೇ ತನ್ನ ಸಾಹೇಬನಿಗೆ ಹೇಳಿ ಬಂದಿದ್ದಳಂತೆ. ಮುದುಕಿಗೆ ಅರಳುಮರಳು ಎಂದು ಅವನು ನಕ್ಕನಂತೆ. "ಬಾಯಲ್ಲಿ ಹೇಳಿದ್ರೆ ನಂಬಲ್ಲ. ಅವರ ಕಿವಿಗೇ ಬೀಳ್ಲಿ" ಎಂದಳು ತುಕ್ಕಜ್ಜಿ. ಏನು ಮಾಡಬೇಕೆಂದು ನಾವು ಮೂವರೂ ಕೂತು ಮಾತಾಡಿಕೊಂಡೆವು. ಆಮೇಲೆ ಅದು ಎರಡೂ ಸಾಲಿನ ಮನೆಗಳಿಗೆ ತಾನಾಗಿ ಹಬ್ಬಿತು.

ಹಡಗನ್ನು ನೀರಿಗೆ ಬಿಡುವ ದಿನ ಬಂತು. ಸಮುದ್ರದಲ್ಲಿ ಉಬ್ಬರ ಇರುವಾಗಲೇ ಹಡಗನ್ನು ಜಾರದಂತೆ ಹಿಡಿದ ಕೆಳಗಿನ ಬೆಣೆಗಳನ್ನು ಬಡಿದು ತೆಗೆಯಬೇಕು. ನೀರು ಇಳಿದರೆ ಅವತ್ತಿನ ಕೆಲಸ ಕೆಟ್ಟಂತೆ. ಬೆಣೆಯ ಹತ್ತಿರ ಮುಂದಿನವರೂ ಹಿಂದಿನವರೂ ಸುತ್ತಿಗೆ ಹಿಡಿದು ನಿಂತಿದ್ದರು. ಡೆಕ್ಕಿನ ಮೇಲೆ ಅಧಿಕಾರಿ, ಎರಡೂ ಕಂಪನಿಯ ಮ್ಯಾನೇಜರುಗಳು, ಬೇಗಬೇಗ. ಟ್ಯಾಂಕಿನ ಬಾಯಿ ಮುಚ್ಚುವ ಮುಂಚೆ ಒಳಗೆ ಯಾರೂ ಉಳಿದಿಲ್ಲವೆಂದು ಬಡಿದು ನೋಡುವುದು ಪದ್ಧತಿ. ಬೇಗಬೇಗ ಆ ಕೆಲಸಕ್ಕೆ ನನ್ನನ್ನು ಹಾಕಿದ್ದ. ನಾನು ಸುತ್ತಿಗೆಯನ್ನು ನನ್ನ ಜೊತೆ ಹತ್ತಿ ಬಂದಿದ್ದ ವೆಲ್ಡರನ ಹೆಂಡತಿಯ ಕೈಗೆ ಕೊಟ್ಟೆ.

ಅವಳು ಮೂರು ಬಡಿದಳು. ಒಳಗಿನಿಂದ ಎರಡು ಬಂತು.

ಅಧಿಕಾರಿ ಮಾತು ನಿಲ್ಲಿಸಿ ತಿರುಗಿದರು. ಒಳಗೆ ಯಾರಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲ ಸಾರ್ ಎಂದ ಬೇಗಬೇಗ. ಅವಳು ಮತ್ತೆ ಬಡಿದಳು. ಮತ್ತೆ ಎರಡು ಬಂತು. ಅಧಿಕಾರಿ ಬಿಳಿ ಬಟ್ಟೆಯಲ್ಲೇ ಮಂಡಿಯೂರಿ ಬಾಯಿಯೊಳಗೆ ಟಾರ್ಚು ಬಿಟ್ಟರು. ಒಬ್ಬನನ್ನು ಕೆಳಗಿಳಿಸಿ ಗೂಡುಗಳನ್ನೆಲ್ಲ ತಡಕಾಡಿಸಿದರು. ಒಳಗೆ ನರಪಿಳ್ಳೆಯಿಲ್ಲ. ಅಷ್ಟರಲ್ಲಿ ಹಡಗಿನ ಹಿಂಭಾಗದಿಂದ ತುಕ್ಕಜ್ಜಿ ಸುತ್ತಿಗೆ ಹಿಡಿದು ನಿಧಾನಕ್ಕೆ ನಡೆದು ಬಂದಳು. ಬಡಿದವಳು ನಾನು, ಅವತ್ತು ಬಡಿದವಳೂ ನಾನೇ ಎಂದಳು.

ವೆಲ್ಡರನ ಹೆಂಡತಿ ಎದ್ದು ನಿಂತಳು.

"ಸಾಹೇಬ್ರೇ, ನಿಮಗೂ ಕೇಳಿಸ್ತಲ್ಲ. ನೀವೂ ತೂಕಡಿಸ್ತಿದ್ರಾ?"

ಅಧಿಕಾರಿ ಕೆಟ್ಟವರೇನಲ್ಲ. ಎರಡನೆಯ ಬಾಯಿ ಇರಬೇಕಾಗಿದ್ದ ಜಾಗವನ್ನು ಬೂಟಿನ ತುದಿಯಿಂದ ಮುಟ್ಟಿ ನೋಡಿದರು. ಇದನ್ನು ಮೇಲಿನವರಿಗೆ ತಿಳಿಸುತ್ತೇನೆ, ಮುಂದಿನ ಟೆಂಡರಿನಲ್ಲಿ ಸರಿಮಾಡಿಸಲು ನೋಡುತ್ತೇನೆ, ಈಗ ಕೆಲಸ ಮುಂದುವರಿಸಿ ಎಂದರು. ಮುಂದಿನ ಟೆಂಡರು ಬರುವಷ್ಟರಲ್ಲಿ ಇದೇ ನಕ್ಷೆಯ ಇನ್ನೆಷ್ಟು ಹಡಗುಗಳಿಗೆ ನಮ್ಮವರು ಕೈ ಮೇಲೆತ್ತಿ ಇಳಿಯಬೇಕೋ.

"ನೀರು ಇಳಿಯುತ್ತೆ. ಬೇಗ, ಬೇಗ" ಎಂದ ಬೇಗಬೇಗ.

ಕೆಳಗೆ ಒಂದು ಸುತ್ತಿಗೆಯೂ ಏಳಲಿಲ್ಲ.

"ಸತ್ತವರು ನನ್ನ ಗಂಡ. ನಿಮ್ಮಲ್ಲಿ ಯಾರ ಕೆಲಸಗಾರ ಅಂತ ಒಬ್ಬರಾದ್ರೂ ಹೇಳಿ. ಆಗ ಕೆಳಗಿನವರು ಬೆಣೆ ತೆಗೀತಾರೆ" ಎಂದಳು ಅವಳು.

ಮುಂದಿನ ಮ್ಯಾನೇಜರು ಹಿಂದಿನವನ ಮುಖ ನೋಡಿದ. ಹಿಂದಿನವನು ಸಮುದ್ರ ನೋಡಿದ. ಬೇಗಬೇಗ ಡೆಕ್ಕಿನ ಅಂಚಿಗೆ ಹೋಗಿ, ನಾಳೆಯೇ ಎಲ್ಲರ ಮನೆ ಖಾಲಿ ಮಾಡಿಸುತ್ತೇನೆ ಎಂದು ಕೂಗಿದ. ನಮ್ಮವರಿಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಯಾರೂ ಜಾಗ ಬಿಟ್ಟು ಕದಲಲಿಲ್ಲ. ಮುಂದಿನವರ ನಡುವೆ ಹಿಂದಿನವರು, ಹಿಂದಿನವರ ನಡುವೆ ಮುಂದಿನವರು ನಿಂತಿದ್ದರು. ನೀರು ಕಲ್ಲಿನ ಮೆಟ್ಟಿಲುಗಳನ್ನು ಒಂದೊಂದಾಗಿ ಬಿಟ್ಟು ಇಳಿಯಿತು. ಸಾಹೇಬರುಗಳು ಕಾರು ಹತ್ತಿ ಹೋದರು. ಉತ್ತರವನ್ನು ಮಾತ್ರ ಯಾರೂ ಕೊಡಲಿಲ್ಲ, ಇವತ್ತಿನವರೆಗೂ ಕೊಟ್ಟಿಲ್ಲ.

ಅವರೆಲ್ಲ ಹೋದ ಮೇಲೆ ಅವಳು ಬಾಯಿಯ ಪಕ್ಕದಲ್ಲಿ ಕುಳಿತಳು. ತುಕ್ಕಜ್ಜಿ ಅವಳ ಬಳಿಯೇ ಕುಳಿತು ಸುತ್ತಿಗೆಯನ್ನು ಮಡಿಲಲ್ಲಿಟ್ಟುಕೊಂಡಳು. ಅವಳು ಮೂರು ಬಡಿದಳು. ಬೆಣೆಗಳ ಹತ್ತಿರ ನಿಂತವರು, ಏಣಿಯ ಮೇಲಿದ್ದವರು, ನಾನು, ಎಲ್ಲರೂ ಕಾದೆವು. ಒಳಗಿನಿಂದ ಏನೂ ಕೇಳಿಸಲಿಲ್ಲ.