ಬಾವು ಬಾರದ ಕೈಗಳು

ಮುದುಕಮ್ಮನಿಗೆ ಕೈಗವಸು ಇರಲಿಲ್ಲ. ಶೆಡ್ಡಿಗೆಲ್ಲ ಇದ್ದ ಒಂದೇ ಜೊತೆ ಆಫೀಸಿನ ಗೋಡೆಯ ಮೊಳೆಗೆ ತೂಗುತ್ತಿತ್ತು; ಯಾರಾದರೂ ತಪಾಸಣೆಗೆ ಬಂದರೆ ಹಾಕಿಕೊಳ್ಳಲಿಕ್ಕೆ.

ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯ ಆ ಶೆಡ್ಡಿನಲ್ಲಿ ನಾವು ಆರು ಜನ ಡ್ರಮ್ಮು ತೊಳೆಯುತ್ತಿದ್ದೆವು. ಕಾರ್ಖಾನೆಗಳಿಂದ ಜಿಡ್ಡು ಮೆತ್ತಿಕೊಂಡು ಬಂದ ಖಾಲಿ ಡ್ರಮ್ಮಿಗೆ ಘಾಟು ಹೊಡೆಯುವ ದ್ರಾವಣ ಸುರಿದು, ಒಳಗೆ ತೋಳು ಇಳಿಸಿ ಬಟ್ಟೆಯಿಂದ ಉಜ್ಜಬೇಕು. ಆ ದ್ರಾವಣವನ್ನು ನಾವು ಎಣ್ಣೆ ಎನ್ನುತ್ತಿದ್ದೆವು. ಡ್ರಮ್ಮು ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು. ನಮಗೆ ವರ್ಷವಿಡೀ ಕೆಮ್ಮು, ನೆಗಡಿ, ಮಾಯದ ಹುಣ್ಣು.

ಆ ಎಣ್ಣೆಯಿಂದ ರೋಗ ತಡೆಯುವ ಶಕ್ತಿ ಕುಂದುತ್ತದೆಯೋ ಇಲ್ಲವೋ ಪರೀಕ್ಷಿಸಲು ಭಾರತಿ ಎಂಬ ಡಾಕ್ಟರು ಬಂದರು. ಏನೂ ಆಗುವುದಿಲ್ಲ ಎಂಬ ವರದಿ ಸಿಕ್ಕರೆ ಒಳ್ಳೆಯದೆಂದು ಮಾಲೀಕ ಒಪ್ಪಿದ್ದ. ಡಾಕ್ಟರು ನಮ್ಮ ಮುಂಗೈಯ ಚರ್ಮದಡಿ ಸಣ್ಣ ಸೂಜಿಯಿಂದ ಹನಿ ಔಷಧ ಬಿಟ್ಟು, ಸುತ್ತ ಪೆನ್ನಿನಿಂದ ದುಂಡಗೆ ಗೆರೆ ಎಳೆದರು. ಡ್ರಮ್ಮು ಮುಟ್ಟದ ಆಫೀಸಿನವರಿಗೂ ಹಾಗೇ ಮಾಡಿದರು. ಯಾಕೆ, ಏನು ಎಂದು ತಿಳಿಸಿಯೂ ಹೇಳಿದರು. ಸೂಜಿಗೆ ಹೆದರಿ ಕಣ್ಣು ಮುಚ್ಚಿದ್ದ ನಮ್ಮ ಕಿವಿಗೆ ಒಂದೂ ಬೀಳಲಿಲ್ಲ. ನಾಡಿದ್ದು ಬಂದು ನೋಡುತ್ತೇನೆ ಎಂದದ್ದಷ್ಟೇ ಕೇಳಿತು.

ಮರುದಿನ ಆಫೀಸಿನಲ್ಲಿ ಲೆಕ್ಕ ಬರೆಯುವ ಮುನೀಮ ಆದೆಪ್ಪನ ಕೈ ಮೇಲೆ ಅರ್ಧ ನಿಂಬೆಹಣ್ಣಿನಷ್ಟು ಕೆಂಪು ಬಾವು. ನಮ್ಮ ಕೈಗಳೆಲ್ಲ ಸಪಾಟು. ಶೆಡ್ಡಿನಲ್ಲಿ ಹಬ್ಬವೋ ಹಬ್ಬ.

"ನೋಡ್ಬೇ ಜುಬೇದಾ, ಸೂಜಿ ಚುಚ್ಚಿದ್ ಗುರ್ತರ ಐತೇನು?" ಮುದುಕಮ್ಮ ಕೈ ತಿರುಗಿಸಿ ತಿರುಗಿಸಿ ತೋರಿಸಿದಳು. "ರೊಟ್ಟಿ ತಿಂದ ಮೈ ಇದು. ಮುನೀಮಂದು ನೋಡು, ಹೋಳಿಗಿ ತಿಂದು ತಿಂದು ಒಳಗ ಕೊಳತೈತಿ."

"ಯಾ ಅಲ್ಲಾ, ಉಳೀತಾನೋ ಇಲ್ಲೋ!" ಜುಬೇದಾಬೀ ನಕ್ಕಳು. "ಬುಡ್ಡೇಸಾಬಣ್ಣ, ಗುದ್ದಲಿ ತಯಾರ್ ಇಟ್ಕೋರಿ."

"ಆ ಹೊಟ್ಟಿ ಹಿಡಿಯೋ ಕುಣಿಗೆ ಗುದ್ದಲಿ ಸಾಲಂಗಿಲ್ಲವ್ವಾ, ಜೆಸಿಬಿ ಬೇಕು," ಎಂದ ಬುಡ್ಡೇಸಾಬ್.

ನಮ್ಮ ಹಬ್ಬದ ಸುದ್ದಿ ಆಫೀಸಿಗೂ ಮುಟ್ಟಿತು. ಮಾರನೆಯ ಬೆಳಿಗ್ಗೆ, ಡಾಕ್ಟರು ಬರುವ ಮೊದಲೇ, ಆದೆಪ್ಪ ಮನೆಯಿಂದ ಸ್ಟೀಲ್ ಡಬ್ಬಿ ಹಿಡಿದು ಬಂದ. ಮುಚ್ಚಳ ತೆಗೆದರೆ ಒಳಗೆ ಕೆಂಪು ಖಾರದ ಚಟ್ನಿ.

"ಹಲ್ಕಟ್ ಮಕ್ಳ, ಕುಣ್ಯಾಕತ್ತೀರೇನ್ರಲೇ? ಬಾವು ಬರಬೇಕು! ಮೈಯಾಗ ಶಕ್ತಿ ಇದ್ದವರಿಗೆ ಬರತೈತಿ. ಬರಲಿಲ್ಲಂದ್ರ ಎಣ್ಣಿ ಇವರ ಮೈ ತಿಂದೈತಿ ಅಂತ ಬರಕೊಂಡು ಹೋಗ್ತಾಳ ಆಕಿ."

ನಗು ನಿಂತಿತು. ಜುಬೇದಾಬೀ ತನ್ನ ಕೈಯನ್ನೇ ಬೇರೆ ಯಾರದೋ ಕೈ ಎಂಬಂತೆ ನೋಡಿದಳು.

"ಹಂಗಂದ್ರ ಈ ಕೆಮ್ಮು, ಈ ಹುಣ್ಣು..." ಎಂದ ಬುಡ್ಡೇಸಾಬ್.

"ಬಾಯಿ ಮುಚ್ಚು. ಇದನ್ನ ಗೆರಿ ಒಳಗ ಗಸಗಸ ತಿಕ್ರಿ. ಆಕಿ ಬರೂದ್ರಾಗ ಕೆಂಪಗ ಬಾತಿರಬೇಕು. ಇಲ್ಲಂದ್ರ ನಾಳಿಂದ ಆರೂ ಮಂದಿ ಈ ಕಡಿ ಮಾರಿ ತೋರಿಸಬ್ಯಾಡ್ರಿ."

ಮುದುಕಮ್ಮ ಡಬ್ಬಿಗೆ ಕೈ ಚಾಚಿದಳು.

"ಏ, ದೂರ! ನಮ್ಮ ಅಡಗಿಮನಿ ಡಬ್ಬಿ ಐತಿ. ಎಲಿ ತಗೊಂಡ್ ಬಾ, ಮ್ಯಾಲಿಂದ ಹಾಕ್ತೀನಿ."

ಮುದುಕಮ್ಮ ಅವನ ಮುಖ ನೋಡಿದಳು. ಆಮೇಲೆ ಡಬ್ಬಿ ಕಿತ್ತುಕೊಂಡು, ಬೆರಳು ಅದ್ದಿ ನೆಕ್ಕಿದಳು.

"ಉಪ್ಪು ಕಡಿಮಿ ಬಿದ್ದೈತ್ರೀ ಮುನೀಮ್ರ. ಅಕ್ಕಾರಿಗೆ ಹೇಳ್ರಿ." ನಮ್ಮ ಕಡೆ ತಿರುಗಿದಳು. "ಏನ್ ನೋಡಾಕತ್ತೀರಿ? ಬುತ್ತಿ ಬಿಚ್ಚರಲೇ!"

ರೊಟ್ಟಿ ಹೊರಬಂದವು. ಎಲ್ಲರ ಕೈಗಳೂ ಆ ಡಬ್ಬಿಗೇ ಇಳಿದವು.

"ಲೇ ರಂಡೇ, ತಿಕ್ಕಾಕ ಕೊಟ್ರ ತಿನ್ನಾಕತ್ತೀಯೇನ್!"

"ಕೈಗೆ ಹಚ್ಚಿದ್ರ ದಂಡ ಆಗತೈತ್ರಿ," ಬುಡ್ಡೇಸಾಬನ ಕಣ್ಣಲ್ಲಿ ಖಾರಕ್ಕೆ ನೀರು. "ಹೊಟ್ಟಿಗೆ ಹಚ್ಚಾಕತ್ತೀವಿ."

"ಬೆಳ್ಳುಳ್ಳಿ ಮಸ್ತ್ ಬಿದ್ದೈತಿ. ಬರ್ರಿ, ನೀವೂ ಒಂದ್ ತುತ್ತು," ಜುಬೇದಾಬೀ ರೊಟ್ಟಿ ಚೂರು ಮುಂದೆ ಹಿಡಿದಳು. ಆದೆಪ್ಪ ಹಿಂದೆ ಹಿಂದೆ ಸರಿದು ಡ್ರಮ್ಮಿಗೆ ಬಡಿದ.

ಡಾಕ್ಟರ ಜೀಪು ಗೇಟು ದಾಟಿತು. ಮುದುಕಮ್ಮ ಕೊನೆಯ ಚೂರಿನಿಂದ ಡಬ್ಬಿಯ ತಳ ಒರೆಸಿ ಬಾಯಿಗೆ ಹಾಕಿಕೊಂಡಳು. ಖಾಲಿ ಡಬ್ಬಿ ಅವನ ಕೈಯಲ್ಲಿಟ್ಟಳು.

"ನಮ್ಮ ಎಣ್ಣಿ ಹಚ್ಚಿ ತೊಳೀರಿ. ಛಲೋ ಹೊಳೀತೈತಿ."

ಡಾಕ್ಟರು ಗೆರೆಗಳ ಮೇಲೆ ಸ್ಕೇಲು ಇಟ್ಟು ನೋಡುತ್ತ ಬಂದರು. ಅಳೆಯಲು ಏನೂ ಇರಲಿಲ್ಲ.

"ಖಾರ ತಿಕ್ಕಿ ಉಬ್ಬಿಸ್ರಿ ಅಂದ್ರು ಮೇಡಮ್ರ. ನಾವು ತಿಂದ್ಬಿಟ್ವಿ," ಎಂದಳು ಮುದುಕಮ್ಮ. "ಇದ್ದದ್ದು ಇದ್ದಂಗ ಬರಕೊಳ್ರಿ."

"ಬರೆದರೆ ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಾರಾ?"

"ಬಿಡಿಸಿದ್ದ ಆಗೇತ್ರಿ. ನೀವು ಬರೀರಿ."

ಡಾಕ್ಟರು ಬರೆದರು. ಬರೆಯುತ್ತಿದ್ದವರ ಕಣ್ಣು ನಮ್ಮ ಬೆರಳ ತುದಿಗೆ ಹೋಯಿತು. ಅಂಗೈ ಕೆಳಗೆ ಮಾಡಿ ಚಾಚಲು ಹೇಳಿ, ಇನ್ನೂ ಏನೇನು ಹೋಗಿದೆ ಎಂದು ಕೇಳಿದರು. ನಾವು ಒಬ್ಬರ ಕೈ ಒಬ್ಬರು ಹಿಡಿದು, ನಡುವೆ ತಪ್ಪಿ, ನಕ್ಕು, ಮತ್ತೆ ಮೊದಲಿನಿಂದ ಎಣಿಸಿದೆವು.

ಹೋದದ್ದು ಕೆಲಸ ಆರು. ಉಗುರು ಹನ್ನೊಂದು.