ಹತ್ತು ದಿನ ನೋಡಿದ ನಾಯಿ

ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದ ಬೆಂಜಮಿನ್ನನ ಕೈಯಲ್ಲಿ ಮೂರು ಸಲ ಗಂಟು ಜಾರಿತು. "ಬಿಡಿ ಪೊರ್ಬುಗಳೇ, ನಾನು ಕಟ್ಟುತ್ತೇನೆ" ಎಂದು, ಊರಿನವರು ಕ್ರೈಸ್ತರನ್ನು ಕರೆಯುವಂತೆ ಕರೆದು, ವಠಾರದ ಯಜಮಾನ ಬೂಬಣ್ಣ ಹಗ್ಗ ತೆಗೆದುಕೊಂಡರು. ನೆರೆಮನೆಯ ವಿಠಲ ಸತ್ತ ದುಃಖವೆಂದು ಅವರು ತಿಳಿದಿದ್ದರು.

ವಿಠಲನನ್ನು ಬೆಳಿಗ್ಗೆ ಆಸ್ಪತ್ರೆಯಿಂದ ತಂದಿದ್ದರು. ಹುಚ್ಚುನಾಯಿ ಕಡಿತದ ಕಾಯಿಲೆ ಎಂದು ಡಾಕ್ಟರು ಹೇಳಿದ್ದರು. ಎರಡು ತಿಂಗಳ ಹಿಂದೆ ಬೆಂಜಮಿನ್ನನ ನಾಯಿ ಟೈಗರ್ ಅವನನ್ನು ಕಚ್ಚಿದ್ದು ನಿಜ. ಆದರೆ ಟೈಗರ್ ಈಗಲೂ ಜಗಲಿಯ ಕಂಬದ ಬುಡದಲ್ಲಿ ಗಟ್ಟಿಮುಟ್ಟಾಗಿ ಕುಳಿತಿದೆಯಲ್ಲ; ದಾರಿಯಲ್ಲಿ ಯಾವುದೋ ಬೀದಿನಾಯಿ ಕಚ್ಚಿರಬೇಕು, ಪಾಪದವ ಯಾರಿಗೂ ಹೇಳಿಲ್ಲ ಎಂದು ವಠಾರದ ಆರು ಮನೆಯವರೂ ತೀರ್ಮಾನಿಸಿದ್ದರು.

ಹೇಳಿಕೊಳ್ಳುವ ಸ್ವಭಾವವೂ ಅವನದಲ್ಲ. ಮಣಿಪಾಲದ ಪ್ರೆಸ್ಸೊಂದರಲ್ಲಿ ಇಪ್ಪತ್ತೆರಡು ವರ್ಷ ಪುಸ್ತಕ ಹೊಲಿದವನು. ಮಿಕ್ಕ ಕಾಗದ ತಂದು ವಠಾರದ ಮಕ್ಕಳಿಗೆಲ್ಲ ನೋಟ್‌ಪುಸ್ತಕ ಮಾಡಿಕೊಡುತ್ತಿದ್ದ. ಯಾರೊಡನೆಯೂ ಜಗಳವಾಡಿದವನಲ್ಲ. ಒಂದು ಸಲವಾದರೂ ಆಡಬೇಕಿತ್ತು.

*

ಎರಡು ತಿಂಗಳ ಹಿಂದೆ, ಆ ದಿನ, ಟೈಗರ್ ಹಗ್ಗ ಕಿತ್ತುಕೊಂಡು, ಬಾವಿಕಟ್ಟೆಯ ಬಳಿ ಆಡುತ್ತಿದ್ದ ವಿಠಲನ ಏಳು ವರ್ಷದ ಮಗಳು ನರ್ಮದೆಯ ಮೇಲೆ ಹಾರಿತ್ತು. ಅವಳ ಮೊಣಕೈಗೆ ಹಲ್ಲು ತಾಗಿತು. ಬಿಡಿಸಲು ಹೋದ ವಿಠಲನ ಅಂಗೈ ಹರಿಯಿತು.

ನಾಯಿಗೆ ಇಂಜೆಕ್ಷನ್ ಕೊಡಿಸಿದ್ದೀರಲ್ಲ ಎಂದು ಬೂಬಣ್ಣ ಕೇಳಿದರು. ಕೊಡಿಸಿದ್ದೇನೆ ಎಂದ ಬೆಂಜಮಿನ್. ಕೊಡಿಸಿರಲಿಲ್ಲ. ಇಂದು, ನಾಳೆ ಎಂದು ದಿನ ದೂಡಿದ್ದ. ಇಂಜೆಕ್ಷನ್ ಇಲ್ಲದ ನಾಯಿ ಸಾಕುವವರು ಮನೆ ಖಾಲಿ ಮಾಡಬೇಕೆಂದು ಬೂಬಣ್ಣ ಮೊದಲೇ ಹೇಳಿದ್ದರು.

ಆ ಕಾಲದಲ್ಲಿ ನಾಯಿ ಕಚ್ಚಿದರೆ ಎಲ್ಲರೂ ಮಾಡುತ್ತಿದ್ದುದು ಒಂದೇ. ಕಚ್ಚಿದ ನಾಯಿಯನ್ನು ಹತ್ತು ದಿನ ನೋಡುವುದು. ಅದು ಬದುಕಿದ್ದರೆ ಭಯವಿಲ್ಲ, ಸತ್ತರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ವಿಠಲ ದಿನವೂ ಕೆಲಸಕ್ಕೆ ಹೊರಡುವ ಮೊದಲು ಬೆಂಜಮಿನ್ನನ ಅಂಗಳಕ್ಕೆ ಬಂದು ನಿಲ್ಲುತ್ತಿದ್ದ.

"ಉಂಟಲ್ಲ ಪೊರ್ಬುಗಳೇ?"

"ಉಂಟು ಮಾರಾಯ."

ಐದನೆಯ ದಿನ ಮಧ್ಯಾಹ್ನ ಟೈಗರ್ ಜೊಲ್ಲು ಸುರಿಸುತ್ತ ಸತ್ತಿತು. ಹೋಗಿ ಹೇಳಿ ಎಂದು ಹೆಂಡತಿ ಝೀಟಾ ಅತ್ತಳು. ಏನೋ ಹಾಳುಮೂಳು ತಿಂದು ಸತ್ತಿರಬೇಕು ಎಂದು ಬೆಂಜಮಿನ್ ಅವಳಿಗೂ ಹೇಳಿದ, ತನಗೂ ಹೇಳಿಕೊಂಡ. ನಾಯಿಯನ್ನು ಹಿತ್ತಲಲ್ಲಿ ಹೂತು ಅಜೆಕಾರಿನ ಬಸ್ಸು ಹತ್ತಿದ. ಅಲ್ಲಿ ಅಕ್ಕನ ಮನೆಯಲ್ಲಿ ಟೈಗರಿನ ಒಡಹುಟ್ಟಿದ ಗಂಡುನಾಯಿ ಇತ್ತು. ಅದೇ ಕಂದು ಬಣ್ಣ, ಅದೇ ಮಡಚಿದ ಕಿವಿ. ಗೋಣಿಯಲ್ಲಿ ಹಾಕಿ ತಂದು ಕಂಬಕ್ಕೆ ಕಟ್ಟಿದ.

"ಸ್ವಲ್ಪ ಸಪೂರ ಆಗಿದೆ ಅಲ್ವಾ?" ಎಂದ ವಿಠಲ, ಆರನೆಯ ದಿನ.

"ಕಟ್ಟಿ ಹಾಕಿದ್ದೇವಲ್ಲ, ಸರಿ ತಿನ್ನುವುದಿಲ್ಲ."

ಮರುದಿನ ವಿಠಲ ಅದಕ್ಕೆಂದೇ ನಾಲ್ಕು ಬೂತಾಯಿ ಮೀನು ತಂದುಕೊಟ್ಟ. ಹತ್ತನೆಯ ದಿನ ಮಗಳನ್ನೂ ಕರೆದುಕೊಂಡು ಬಂದು, ನೋಡು, ನಮಗೆ ಏನೂ ಆಗುವುದಿಲ್ಲ ಎಂದು ನಕ್ಕು ಹೋದ.

*

ಹೆಣದ ಬಾಯಿಗೆ ತುಳಸಿನೀರು ಬಿಡುವ ಹೊತ್ತಾಯಿತು. ಬಂದವರು ಹಿಂದೆ ಸರಿದರು. ಎರಡು ದಿನ ನೀರಿನ ಲೋಟ ಕಂಡರೇ ಬೊಬ್ಬೆ ಹೊಡೆದು, ಗಂಟಲು ಸೆಟೆದು ಸತ್ತವನ ಬಾಯಿಗೆ ನೀರು ಬಿಡಲು ಯಾರಿಗೂ ಕೈ ಬರಲಿಲ್ಲ. ಕೊನೆಗೆ ಹೆಂಡತಿ ಮೂಕಾಂಬಿಕಾ ತಾನೇ ಬಿಟ್ಟಳು. ಆಮೇಲೆ ಮಗಳನ್ನು ಕರೆದು ಲೋಟ ಕೊಟ್ಟಳು.

ನರ್ಮದೆ ಕೈ ಚಾಚಿದಳು. ಮೊಣಕೈಯ ಮೇಲೆ ಎರಡು ಹಲ್ಲಿನ ಕಲೆ ಕಾಣಿಸಿತು. ಝೀಟಾ ಗಂಡನ ಮುಖ ನೋಡಿದಳು. ಬೆಂಜಮಿನ್ನನಿಗೆ ಹೆದರಿಕೆಯಾಯಿತು, ಈ ಸಲ ಮನೆ ಬಿಡಬೇಕಾದ ಹೆದರಿಕೆಯಲ್ಲ.

"ಮೂಕಾಂಬಿಕಕ್ಕ, ಮಗುವನ್ನು ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು" ಎಂದ. "ಕಚ್ಚಿದ ನಾಯಿ ಐದನೇ ದಿನವೇ ಸತ್ತಿದೆ. ಈಗ ಇರುವುದು ಬೇರೆ. ನಾನೇ ತಂದು ಕಟ್ಟಿದ್ದು."

ಯಾರೂ ಅವನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಬೂಬಣ್ಣ ಕಾರು ತರಲು ಓಡಿದರು.

ಮೂಕಾಂಬಿಕಾ ಅವನ ಕಡೆಗೆ ತಿರುಗಿಯೂ ನೋಡಲಿಲ್ಲ. ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು, ಅವಳ ಕೈಯಲ್ಲಿದ್ದ ಲೋಟವನ್ನೇ ಅವಳ ತುಟಿಗೆ ಹಿಡಿದಳು. ಹೆಣಕ್ಕಿಟ್ಟ ನೀರು ಅದು ಎಂದು ಹೆಂಗಸೊಬ್ಬಳು ತಡೆಯಲು ಬಂದಳು.

"ಕುಡಿ" ಎಂದಳು ಮೂಕಾಂಬಿಕಾ.

ಮಗು ಒಂದು ಗುಟುಕು ಕುಡಿಯಿತು. ಅದರ ಗಂಟಲು ಏರಿ ಇಳಿಯುವುದನ್ನು ತಾಯಿ ನೋಡಿದಳು. ನಂತರ ತಂಬಿಗೆಯಿಂದ ಲೋಟವನ್ನು ಮತ್ತೆ ತುಂಬಿಸಿ ಅದರ ಬಾಯಿಗಿಟ್ಟಳು.