ಹಳದಿ ಬಿಲ್ಲೆಯ ಹಂದಿಗಳು

ಎರ್ರಮ್ಮನಿಗೆ ಊರ ಹೋಟೆಲಿನಲ್ಲಿ ಚಹಾ ಹುಟ್ಟದೆ ವಾರದ ಮೇಲಾಗಿತ್ತು. ಕಿರಾಣಿ ಅಂಗಡಿಯವನು ಅಕ್ಕಿ ಚೀಲವನ್ನು ಕಟ್ಟೆಯ ಮೇಲಿಟ್ಟು ಒಳಗೆ ಸರಿದು ನಿಲ್ಲುತ್ತಿದ್ದ. ಕೂಲಿಗೆ ಹೋದ ಓಣಿಯ ಹೆಂಗಸರನ್ನು ಗುರುಶಾಂತಪ್ಪ ಸಾವ್ಕಾರ ತನ್ನ ಮೆಕ್ಕೆಜೋಳದ ಕಣದ ಗೇಟಿನಿಂದಲೇ ವಾಪಸು ಕಳಿಸಿದ್ದ. ಎಲ್ಲೆಡೆ ಒಂದೇ ಮಾತು: "ನಿಮ್ಮ ಹಂದಿಗಿ ಕೊರೋನಾ ಬಂದೈತಂತಲ್ಲ."

ಮೊದಲಾದರೂ ಹಂದಿ ಸಾಕುವ ಕೊರಚರ ಓಣಿಯವರನ್ನು ಯಾರು ಒಳಗೆ ಕರೆದು ಕೂಡಿಸಿದ್ದರು? ಈಗ ಹೊರಗೆ ನಿಲ್ಲಿಸಲು ವಿಜ್ಞಾನದ ಹೆಸರು ಸಿಕ್ಕಿತ್ತು, ಅಷ್ಟೇ.

ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ದಾರಿಯ ಊರದು. ಬೇಸಿಗೆಯಲ್ಲಿ ಒಂದು ಸಂಶೋಧನಾ ಸಂಸ್ಥೆಯ ಜೀಪು ಓಣಿಗೆ ಬಂದಿತ್ತು. ಅದರಿಂದ ಇಳಿದವಳು ಅಮೃತಾ, ಕೊಟ್ಟೂರಿನ ಹುಡುಗಿ. ಕೊರೋನಾ ಜಾತಿಯ ರೋಗಾಣು ಹಂದಿಯಿಂದ ಮನುಷ್ಯರಿಗೆ ದಾಟುತ್ತದೆಯೇ ಎಂದು ನೋಡಬೇಕಿತ್ತು. ಅದಕ್ಕೆ ಹಂದಿಯ ಮೂಗಿನ ಸಿಂಬಳ, ಹಂದಿಯ ಜೊತೆ ಬದುಕುವವರ ರಕ್ತ ಬೇಕು ಎಂದಳು. ಓಣಿಯವರು ನಂಬಿ ತೋಳು ಚಾಚಿದರು.

ಹಂದಿ ಹಿಡಿಯುವುದೇ ಕಷ್ಟವಾಯಿತು. ಅವು ಸಾಕಿದವರ ಕೂಗಿಗಲ್ಲದೆ ಬೇರೆ ಯಾರಿಗೂ ಬರುವುದಿಲ್ಲ. ಎರ್ರಮ್ಮ ತಗಡು ಬಡಿದು ಕೂಗಿದ ಮೇಲೆ ಬಳ್ಳಾರಿ ಜಾಲಿಯ ಪೊದೆಗಳಿಂದ ಓಡಿ ಬಂದವು. ಸಿಂಬಳ ತೆಗೆದ ಹಂದಿಯ ಕಿವಿಗೆ ಅಮೃತಾ ಹಳದಿ ಬಿಲ್ಲೆ ಚುಚ್ಚಿದಳು. ಅಂಥದೇ ಬಿಲ್ಲೆ ಸಾವ್ಕಾರನ ಆಕಳ ಕಿವಿಯಲ್ಲಿತ್ತು. ಆಕಳು ಸತ್ತಾಗ ಅವನಿಗೆ ವಿಮೆಯ ದುಡ್ಡು ಬಂದದ್ದನ್ನು ಎರ್ರಮ್ಮ ಕಂಡಿದ್ದಳು.

"ಎಲ್ಲಾಕ್ಕೂ ಹಾಕ್ರಿ ಮೇಡಮ್ಮೋರೆ," ಎಂದು ದುಂಬಾಲು ಬಿದ್ದಳು. "ಆಕಳಿಗಿ ಬೇಕು, ಹಂದಿಗ್ಯಾಕ ಬ್ಯಾಡ?"

ಅಮೃತಾ ನಕ್ಕು ಎಲ್ಲಕ್ಕೂ ಚುಚ್ಚಿದಳು. ಇದು ವಿಮೆಯ ಬಿಲ್ಲೆಯಲ್ಲ ಎಂದು ಹೇಳುವ ಗೋಜಿಗೆ ಹೋಗಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಈ ದಾರಿಯಲ್ಲಿ ಬಂದ ಜೀಪಿನ ಡ್ರೈವರ್ ಹೋಟೆಲಿನಲ್ಲಿ ಚಹಾ ಕುಡಿಯುತ್ತ, ಈ ಊರ ಹಂದಿಗಳಲ್ಲಿ ಕೊರೋನಾ ಸಿಕ್ಕಿದೆ ಎಂದು ಬಾಯಿಬಿಟ್ಟ. ಕಣದಲ್ಲಿ ಒಣಹಾಕಿದ ಮೆಕ್ಕೆಜೋಳಕ್ಕೆ ಹಂದಿಗಳು ಬಾಯಿ ಹಾಕುತ್ತವೆಂದು ಎಷ್ಟೋ ಕಾಲದಿಂದ ಹಲ್ಲು ಕಡಿಯುತ್ತಿದ್ದ ಸಾವ್ಕಾರನಿಗೆ ಅಷ್ಟೇ ಸಾಕಾಯಿತು. ಪಂಚಾಯ್ತಿಯಲ್ಲಿ ಅವನ ಮಾತೇ ನಡೆಯುವುದು. ಬಿಲ್ಲೆ ಇದ್ದದ್ದೆಲ್ಲ ರೋಗದ ಹಂದಿ, ಹಿಡಿದು ಹೂಳಬೇಕು ಎಂದು ಠರಾವಾಯಿತು. ಹಿಡಿಯಲು ಬಂದವರು ಜಾಲಿಮುಳ್ಳು ಚುಚ್ಚಿಸಿಕೊಂಡು ಬರಿಗೈಲಿ ಹೋದರು. ಆದರೂ ಎರ್ರಮ್ಮ ರಾತ್ರಿಯೆಲ್ಲ ಜಾಲಿಯ ಕಡೆ ಕಿವಿಗೊಟ್ಟು ಕೂತಿರುತ್ತಿದ್ದಳು. ಗಂಡ ಸತ್ತ ಮೇಲೆ ಮನೆ ನಡೆದದ್ದು ಹಂದಿಯಿಂದ. ಮಗಳು ರಮಾ ಹರಪನಹಳ್ಳಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದುದೂ ಹಂದಿಯಿಂದ. ಅವು ಹೋದರೆ ಎರ್ರಮ್ಮನಿಗೆ ಉಳಿಯುವುದು ತಗಡೊಂದೇ.

ಇವತ್ತು ಬೆಳಿಗ್ಗೆ ಅಮೃತಾ ಮತ್ತೆ ಬಂದಳು. ಹಂದಿಯ ಸಿಂಬಳ, ಓಣಿಯವರ ರಕ್ತ ಎರಡನೇ ಸಲ ಬೇಕಂತೆ. ಎರ್ರಮ್ಮ ಕೂಗಿ ಹಂದಿಗಳನ್ನು ದೊಡ್ಡಿಯಲ್ಲಿ ಕೂಡಿಹಾಕಿದಳು. ಓಣಿಯವರು ಅಂಗಿ, ಕುಪ್ಪಸದ ತೋಳು ಮಡಚಿ ಸಾಲು ನಿಂತರು.

"ಹೋದ ಸಲದ್ದು ಏನಾತ್ರಿ?" ಎಂದು ಎರ್ರಮ್ಮ ಕೇಳಿದಳು.

ಅಮೃತಾ ದನಿ ತಗ್ಗಿಸಿದಳು. "ಕೊರೋನಾ ಐತಿ ಅಕ್ಕಾ, ಆದ್ರ ಅದು ಬ್ಯಾರೆ ಜಾತೀದು. ಮರಿಗಳಿಗೆ ಭೇದಿ ಹತ್ತತೈತಿ. ಮನುಷ್ಯಾರಿಗೆ ಬರಂಗಿಲ್ಲ. ನಿಮ್ಮ ಓಣಿ ಒಬ್ಬರ ರಕ್ತದಾಗೂ ಸಿಕ್ಕಿಲ್ಲ."

ಎರ್ರಮ್ಮ ಊರಿನ ಕಡೆ ಕೈ ತೋರಿಸಿದಳು. "ಇದನ್ನ ಊರಾಗ ಹೇಳ್ರಿ ಮತ್ತ."

"ಹೇಳಂಗಿಲ್ಲಕ್ಕಾ. ದೊಡ್ಡ ಸರ್ ಇದರ ಮ್ಯಾಲ ಬರೆದದ್ದು ಹೊರದೇಶದ ಪತ್ರಿಕಿಯಾಗ ಅಚ್ಚಾಗಬೇಕು. ಅಲ್ಲಿತನಕ ಬಾಯಿ ಬಿಟ್ರ ನನ್ನ ಕೆಲಸ ಹೋಗತೈತಿ."

"ಯಾವಾಗ ಅಚ್ಚಾಗತೈತಿ?"

"ಬರೋ ವರ್ಷ ಆಗಬಹುದು."

ಅಷ್ಟರಲ್ಲಿ ಓಣಿಯ ಬಾಯಿಗೆ ಲಾರಿ ಬಂದು ನಿಂತಿತು. ಬಲೆ, ಬಡಿಗೆ ಹಿಡಿದವರು ಧುಮುಕಿದರು. ಹಿಂದೆ ಗುರುಶಾಂತಪ್ಪ. ದೊಡ್ಡಿಯ ಕಡೆ ನೋಡಿ ಅವನ ಮುಖ ಅರಳಿತು.

"ಇವತ್ತು ಎಲ್ಲಾ ಒಂದ ಕಡಿ ಸಿಕ್ಕಾವಲ್ಲೋ."

ಹಂದಿಗಳನ್ನು ಎರ್ರಮ್ಮ ತಾನೇ ಕೂಗಿ ಕರೆದಿದ್ದಳು. ದೊಡ್ಡಿಯ ಬಾಗಿಲಿಗೆ ಅಡ್ಡ ನಿಂತಳು.

"ಸಾವ್ಕಾರ್ರೆ, ಈ ಮೇಡಮ್ಮೋರನ್ನ ಒಂದು ಮಾತು ಕೇಳ್ರಿ. ಆಮ್ಯಾಲ ಕೈ ಹಾಕ್ರಿ."

"ಏನವ್ವಾ," ಎಂದ ಗುರುಶಾಂತಪ್ಪ ಅಮೃತಾಳಿಗೆ. "ಇವುಕ್ಕ ಕೊರೋನಾ ಐತೋ ಇಲ್ಲೋ?"

ಇಡೀ ಓಣಿ ಅವಳ ಬಾಯನ್ನೇ ನೋಡಿತು.

"ಐತಿ," ಎಂದಳು ಅಮೃತಾ. ಮುಂದಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೈಯಲ್ಲಿದ್ದ ಫೋನು ನೋಡಿದಳು. ನುಂಗಿಕೊಂಡಳು. "ಉಳಿದದ್ದು ನಮ್ಮ ಸರ್‌ನ ಕೇಳಿ ಹೇಳಬೇಕ್ರಿ."

"ಸಾಕು ಬಿಡು. ಲಾರಿಗೆ ಹತ್ಸ್ರೋ."

ಎರ್ರಮ್ಮ ಒಂದು ಗಳಿಗೆ ಅಮೃತಾಳ ಮುಖ ನೋಡಿದಳು. ಆಮೇಲೆ ದೊಡ್ಡಿಯೊಳಗೆ ನುಗ್ಗಿ, ಹಿಂದಿನ ಮುಳ್ಳಿನ ಬೇಲಿಯನ್ನು ಎರಡೂ ಕೈಯಿಂದ ಕಿತ್ತೆಸೆದಳು. ಅಂಗೈ ಹರಿದು ರಕ್ತ ಬಂತು. "ಹೋಗ್ರಿ, ಹೋಗ್ರಿ" ಎಂದು ಅಟ್ಟಿದಳು. ಹಂದಿಗಳು ಒಂದನ್ನೊಂದು ತುಳಿದುಕೊಂಡು ಜಾಲಿಯೊಳಗೆ ನುಗ್ಗಿದವು. ನಾಲ್ಕಾರು ಸೀದಾ ಕಣದ ಜೋಳಕ್ಕೇ ಬಿದ್ದವು. ಬಲೆಯವರು ಅತ್ತ ಓಡಿದರು.

"ನಾಳಿ ಪೊಲೀಸರನ್ನ ಕರಕೊಂಡು ಬರ್ತೀನಿ," ಎಂದು ಗುರುಶಾಂತಪ್ಪ ಹಲ್ಲು ಕಡಿದ.

"ಬರ್ರಿ," ಎಂದ ಸಾಲಿನ ಮೊದಲಿಗೆ ನಿಂತಿದ್ದ ಮುದುಕ ಜಂಬಣ್ಣ. "ನಾವೆಲ್ಲ ಇಲ್ಲೇ ಇರ್ತೀವಿ."

ಅವನು ಸಾವ್ಕಾರನಿಗೆ ಎದುರು ಮಾತಾಡಿದ್ದು ಅದೇ ಮೊದಲು.

ಲಾರಿ ಹಿಂದಕ್ಕೆ ಸರಿದ ಮೇಲೆ ಅಮೃತಾ ಮೆಲ್ಲಗೆ ಹತ್ತಿರ ಬಂದಳು. "ಎರ್ರಮ್ಮಕ್ಕಾ, ಹಂದಿ ಇನ್ನೊಮ್ಮೆ ನೋಡೋಣು. ರಕ್ತ ಅಷ್ಟು ಕೊಟ್ಟುಬಿಡ್ರಿ, ಡಬ್ಬ್ಯಾಗಿನ ಐಸ್ ಕರಗತೈತಿ."

ಜಂಬಣ್ಣ, ರಕ್ತ ತೆಗೆಯಲು ಅವಳು ತೋಳಿಗೆ ಬಿಗಿದಿದ್ದ ರಬ್ಬರ್ ಪಟ್ಟಿಯನ್ನು ತಾನೇ ಬಿಚ್ಚಿ ಅವಳ ಡಬ್ಬಿಯ ಮೇಲಿಟ್ಟ. ಅಂಗಿಯ ತೋಳು ಇಳಿಸಿದ. ಅವನ ಹಿಂದಿದ್ದವಳು ಸೆರಗು ಹೊದ್ದಳು. ಒಬ್ಬೊಬ್ಬರಾಗಿ ಸಾಲು ಕರಗಿತು.

ಎರ್ರಮ್ಮ ಹರಿದ ಅಂಗೈಯನ್ನು ಸೀರೆಗೆ ಒರೆಸಿಕೊಂಡಳು. ಇಷ್ಟು ದಿನ ಆಡಿದ 'ರಿ' ಅವಳ ಬಾಯಿಗೆ ಬರಲಿಲ್ಲ.

"ಊರ ಮುಂದ ನಿಂತು ಅರ್ಧ ಹೇಳಿದಿ ತಂಗಿ. ಉಳಿದ ಅರ್ಧನೂ ಅಲ್ಲೇ ನಿಂತು ಹೇಳು. ಅವತ್ತು ನಮ್ಮ ರಕ್ತ ಕೇಳು."